ತಾರೀಖು ಬರೆದ ಫಿಲ್ಟರ್

ಆ ಮನೆಯಲ್ಲಿ ತಾರೀಖು ಬೀಳದ ವಸ್ತು ಇರಲಿಲ್ಲ. ಹಾಲಿನ ಬಾಟಲಿಯ ಮುಚ್ಚಳ, ಬ್ರೆಡ್ಡಿನ ಪೊಟ್ಟಣ, ಕೆಮ್ಮಿನ ಔಷಧಿ, ಹಲ್ಲುಜ್ಜುವ ಬ್ರಷ್ಷು, ಅತ್ತೆಯ ಹೊಸ ಚಪ್ಪಲಿಯ ಅಟ್ಟೆ, ಎಲ್ಲದರ ಮೇಲೂ ನೀಲಿ ಪೆನ್ನಿನ ಪುಟ್ಟ ಅಂಕಿಗಳು. ಎಲ್ಲವೂ ಆ ಮನೆಯ ಸೊಸೆಯ ಕೈಬರಹ. ಬೆಳಿಗ್ಗೆ ಆರಕ್ಕೆ ಹೊರಟು, ಮನೆಮನೆಗೆ ಹೋಗಿ ರಕ್ತ ತೆಗೆದು ಲ್ಯಾಬಿಗೆ ಮುಟ್ಟಿಸುವುದು ಅವಳ ಕೆಲಸ. ಹದಿನಾಲ್ಕು ವರ್ಷದಿಂದ ಟ್ಯೂಬಿನ ಮೇಲೆ ಹೆಸರು, ತಾರೀಖು, ಗಂಟೆ ಬರೆದು ಬರೆದು ಕೈಗೆ ಅದೇ ಚಾಳಿಯಾಗಿಬಿಟ್ಟಿತ್ತು. ಅವಳ ಕಾರು ಬೀದಿಗೆ ತಿರುಗಿದ್ದೇ ತಡ, ಮಕ್ಕಳು ಸೂಜಿಯಕ್ಕ ಬಂದಳು ಎಂದು ಮಂಚದಡಿ ಸೇರುತ್ತಿದ್ದವು. ಆ ಹೆಸರು ಹೇಗೋ ಮನೆಯವರೆಗೂ ಬಂದು, ಈಗ ಸ್ವಂತ ಮಗಳೇ ಫ್ರಿಜ್ಜಿನ ಬಾಗಿಲು ಹಿಡಿದು ನಿಂತು, ಸೂಜಿಯಕ್ಕ, ಈ ಬೆಣ್ಣೆಗೆ ಎಷ್ಟು ವಯಸ್ಸು ಎಂದು ಕೇಳುತ್ತಿದ್ದಳು.

ಕಾರಿಗೆ ಹನ್ನೆರಡು ವರ್ಷ. ಹಿಂದಿನ ಸೀಟು ಮಡಚಿ ಅಲ್ಲಿ ಐಸ್ ಪೆಟ್ಟಿಗೆಗೆ ಜಾಗ ಮಾಡಿದ್ದಳು. ದಿನಕ್ಕೆ ಹದಿನೈದು ಮನೆ, ಊರಿನ ಮೂರು ಮೂಲೆ. ಒಂಬತ್ತೂವರೆಯೊಳಗೆ ಪೆಟ್ಟಿಗೆ ಲ್ಯಾಬಿನ ಕಿಟಕಿಯಲ್ಲಿರಬೇಕು, ತಡವಾದರೆ ರಕ್ತ ಕೆಡುತ್ತದೆ. ಕಳೆದ ತಿಂಗಳು ಎರಡು ಸಲ ತಡವಾಗಿತ್ತು, ಎರಡೂ ಸಲ ಕಾರಿನಿಂದಲೇ. ಒಮ್ಮೆ ಗ್ಯಾರೇಜಿನವರು ಶನಿವಾರ ಕೊಡುತ್ತೇವೆಂದ ಕಾರನ್ನು ಸೋಮವಾರ ಹನ್ನೊಂದಕ್ಕೆ ಕೊಟ್ಟರು. ಇನ್ನೊಮ್ಮೆ ಅವರೇ ಸರಿಮಾಡಿ ಕೊಟ್ಟ ಮೂರನೇ ದಿನ ಸಿಗ್ನಲ್ಲಿನಲ್ಲಿ ಕೆಮ್ಮಿ ನಿಂತಿತು. ಲ್ಯಾಬಿನ ಮ್ಯಾನೇಜರಮ್ಮ ಕೂಗಾಡುವವಳಲ್ಲ. ಮೂರನೇ ಸಲವೂ ಹೀಗಾದರೆ ರೂಟನ್ನು ಬೈಕಿನವನಿಗೆ ಕೊಡಬೇಕಾಗುತ್ತದೆ ಎಂದು ಮೆಲ್ಲಗೇ ಹೇಳಿದಳು. ಗಂಡನ ಸಂಬಳ ಬಾಡಿಗೆಗೂ ಅಡುಗೆಮನೆಗೂ ಸರಿಹೋಗುತ್ತಿತ್ತು. ಮಗಳ ಕಾಲೇಜು, ಅತ್ತೆ ಮಾವನ ಮಾತ್ರೆ, ಇವೆರಡೂ ಆ ಹದಿನೈದು ಮನೆಗಳ ಮೇಲೆ ನಿಂತಿದ್ದವು.

ಗ್ಯಾರೇಜು ಗಂಡನ ಹನ್ನೊಂದು ವರ್ಷದ ಪರಿಚಯ. ಅವನು ಟೈಲ್ಸ್ ಅಂಗಡಿಯಲ್ಲಿ ದಿನವಿಡೀ ನಿಂತೇ ಇರುವ ಮನುಷ್ಯ. ಟೈಲ್ಸ್ ಒಡೆದರೂ, ಗಿರಾಕಿಗೆ ಬಣ್ಣ ಹಿಡಿಸದಿದ್ದರೂ ಬೈಗುಳ ಅವನಿಗೇ. ಗ್ಯಾರೇಜಿಗೆ ಹೋದರೆ ಮಾತ್ರ ಯಜಮಾನ ಬಾಗಿಲಿಗೇ ಬಂದು, ಕೆಂಪು ಪ್ಲಾಸ್ಟಿಕ್ ಕುರ್ಚಿಯ ಧೂಳು ಒರೆಸಿ, ಬನ್ನಿ ಸಾರ್ ಎಂದು ಕೂರಿಸಿ ಚಹಾ ತರಿಸುತ್ತಿದ್ದ. ಗಂಡ ಬಿಲ್ಲು ಓದುತ್ತಿರಲಿಲ್ಲ. ಆ ಕುರ್ಚಿಯಲ್ಲಿ ಕೂತು ಬಿಲ್ಲು ಓದುವುದು ಯಜಮಾನನಿಗೆ ಮಾಡುವ ಅವಮಾನ ಎಂದು ಅವನ ಎಣಿಕೆ.

ಹೀಗಿರುವಾಗ ಒಂದು ಭಾನುವಾರ, ಹಿಂದಿನ ದಿನವಷ್ಟೇ ಸರ್ವಿಸ್ ಆಗಿ ಬಂದ ಕಾರಿನ ಗಾಜು ತೊಳೆಯುವ ಡಬ್ಬಿಗೆ ನೀರು ತುಂಬಲು ಸೂಜಿಯಕ್ಕ ಬಾನೆಟ್ ಎತ್ತಿದಳು. ಪಕ್ಕದ ಕಪ್ಪು ಪೆಟ್ಟಿಗೆಯ ಒಂದು ಕ್ಲಿಪ್ಪು ಬಿಚ್ಚಿಕೊಂಡಿತ್ತು. ಒತ್ತಿ ಕೂರಿಸಲು ನೋಡಿದಳು, ಕೂರಲಿಲ್ಲ. ಮುಚ್ಚಳ ಪೂರ್ತಿ ತೆಗೆದಾಗ ಒಳಗೆ ಏರ್ ಫಿಲ್ಟರ್, ಮಡಿಕೆ ಮಡಿಕೆಗೂ ಕಪ್ಪು ಧೂಳು. ಅದರ ರಬ್ಬರ್ ಅಂಚಿನ ಮೇಲೆ ನೀಲಿ ಅಂಕಿಗಳು.

ಮಗಳು ಬಗ್ಗಿ ನೋಡಿದಳು. "ಅಮ್ಮ, ಇದು ನಿನ್ನ ಏಳು ಅಲ್ವಾ?"

ಅವಳದೇ. ಅವಸರದಲ್ಲಿ ಏಳು ಒಂದರಂತೆ ಕಂಡು ಟ್ಯೂಬು ಅದಲುಬದಲಾಗಬಾರದೆಂದು ಏಳರ ಹೊಟ್ಟೆಗೆ ಅಡ್ಡಗೆರೆ ಎಳೆಯುವವಳು ಆ ಮನೆಯಲ್ಲಿ ಅವಳೊಬ್ಬಳೇ. ಹೋದ ವರ್ಷ ಗ್ಯಾರೇಜಿನಲ್ಲಿ ಅವಳ ಕಣ್ಣೆದುರೇ ಫಿಲ್ಟರುಗಳನ್ನು ಬದಲಿಸಿದ್ದರು. ಅವತ್ತು ಕೈಯಲ್ಲಿ ಪೆನ್ನಿತ್ತು, ಸುಮ್ಮನೆ ಅಭ್ಯಾಸಬಲದಿಂದ ಬರೆದಿದ್ದಳು. ಬರೆದದ್ದೂ ಮರೆತುಹೋಗಿತ್ತು. ಮಗಳು ಒಳಗೋಡಿ ಫ್ರಿಜ್ಜಿಗೆ ಸಿಕ್ಕಿಸಿದ್ದ ಬಿಲ್ಲು ತಂದು ಗಟ್ಟಿಯಾಗಿ ಓದಿದಳು. ಏರ್ ಫಿಲ್ಟರ್ ಹೊಸದು. ಆಯಿಲ್ ಫಿಲ್ಟರ್ ಹೊಸದು. ಇಂಜಿನ್ ಆಯಿಲ್ ಹೊಸದು. ಇಬ್ಬರೂ ಟಾರ್ಚು ಹಿಡಿದು ಇಂಜಿನ್ನಿನ ಪಕ್ಕ ಲೋಟದ ಹಾಗೆ ಅಂಟಿಕೊಂಡಿದ್ದ ಆಯಿಲ್ ಫಿಲ್ಟರನ್ನು ಹುಡುಕಿದರು. ಅದರ ಮೇಲೂ ಅದೇ ತಾರೀಖು, ಅದೇ ಏಳು. ಅಳತೆ ಕಡ್ಡಿ ಎಳೆದು ನೋಡಿದರೆ ಎಣ್ಣೆ ಕಾಡಿಗೆಯ ಹಾಗಿತ್ತು.

ಮಧ್ಯಾಹ್ನ ಊಟದ ಮೇಜಿನ ಮೇಲೆ ಅನ್ನ, ಬೇಳೆ, ಹುರಿದ ಬೀನ್ಸು, ಅವುಗಳ ನಡುವೆ ಹಳೆಯ ಪತ್ರಿಕೆಯ ಮೇಲೆ ಆ ಫಿಲ್ಟರು. ಅತ್ತೆ ತಟ್ಟೆಯನ್ನು ಅಷ್ಟು ದೂರ ಸರಿಸಿಕೊಂಡು, ಉಣ್ಣುವ ಜಾಗದಲ್ಲಿ ಇದೆಂಥ ಕೊಳಕು ಎಂದರು. ಗಂಡ ಬಿಲ್ಲನ್ನೂ ನೋಡಲಿಲ್ಲ, ಫಿಲ್ಟರನ್ನೂ ನೋಡಲಿಲ್ಲ.

"ಯಾರೋ ಕೆಲಸದವನು ಮರೆತಿರ್ತಾನೆ. ಗ್ಯಾರೇಜಿನ ಅಣ್ಣ ಅಂಥವನಲ್ಲ."

"ಮರೆತರೆ ಒಂದನ್ನ ಮರೀತಾರೆ ರೀ. ಇಲ್ಲಿ ಹಾಕೋಕೆ ಮೂರನ್ನೂ ಮರೆತು, ಬಿಲ್ಲಲ್ಲಿ ಮಾತ್ರ ಮೂರನ್ನೂ ನೆನಪಿಟ್ಕೊಂಡಿದಾರೆ."

ಮಗಳು ಕಿಸಕ್ಕನೆ ನಕ್ಕಳು. ಗಂಡ ಬೀನ್ಸಿನ ಬಟ್ಟಲನ್ನು ಸದ್ದಾಗುವಂತೆ ಕೆಳಗಿಟ್ಟ. ಹನ್ನೊಂದು ವರ್ಷದಲ್ಲಿ ಒಂದು ಸಲವಾದರೂ ಆ ಮನುಷ್ಯ ಏರುದನಿಯಲ್ಲಿ ಮಾತಾಡಿದ್ದಾನಾ, ಮಳೆ ಬಂದರೆ ಮನೆಯವರೆಗೂ ಕಾರು ತಂದು ಬಿಟ್ಟುಹೋಗಿಲ್ಲವಾ ಎಂದು ಕೇಳಿದ. ಮಾವ ನಗರದ ನೀರು ಸರಬರಾಜಿನಲ್ಲಿ ನಲವತ್ತು ವರ್ಷ ಪೈಪ್ ಫಿಟ್ಟರಾಗಿದ್ದವರು. ಊಟ ಮುಗಿಸಿ ಫಿಲ್ಟರನ್ನು ಎತ್ತಿ ಮೇಜಿನ ಕಾಲಿಗೆ ಒಂದು ಸಲ ಬಡಿದರು. ಬೆಳಿಗ್ಗೆ ಒರೆಸಿದ್ದ ನೆಲದ ಮೇಲೆ ಕಪ್ಪು ಧೂಳು ಗುಪ್ಪೆಯಾಗಿ ಬಿತ್ತು.

"ಮಳೇಲಿ ಕಾರು ತಂದುಬಿಟ್ಟ ಅಂತ ಇದನ್ನ ಹೊಸದು ಅನ್ನೋಕಾಗುತ್ತೇನೋ?" ಎಂದರು ಮಗನಿಗೆ.

ಗಂಡ ಕೈ ತೊಳೆಯಲು ಎದ್ದುಹೋದ. ಅತ್ತೆ ಕಸಬರಿಗೆ ತಂದು ಮಾವನ ಕೈಗೇ ಕೊಟ್ಟರು.

ಸೋಮವಾರ ಅಂಗಡಿಯಲ್ಲಿ ಸರಕು ಎಣಿಸುವುದಿದೆ ಎಂದು ಗಂಡ ಜಾರಿಕೊಂಡ. ಸೂಜಿಯಕ್ಕ ಲ್ಯಾಬಿನ ಕೆಲಸ ಮುಗಿಸಿ, ಫಿಲ್ಟರನ್ನು ಚೀಲದಲ್ಲಿಟ್ಟುಕೊಂಡು ಒಬ್ಬಳೇ ಗ್ಯಾರೇಜಿಗೆ ಹೋದಳು. ಯಜಮಾನ ಅಂಕಿಗಳನ್ನು ಹತ್ತಿರದಿಂದ ನೋಡಿದ. ಒಂದಿಷ್ಟೂ ಮುಜುಗರವಿಲ್ಲ.

"ಫಿಲ್ಟರ್ ಚೆನ್ನಾಗೇ ಇತ್ತು ಮೇಡಂ, ಗಾಳಿ ಹೊಡೆದು ಹಾಕಿದ್ವಿ. ಬಿಲ್ಲು ಕಂಪ್ಯೂಟರ್ ಹೊಡೆಯುತ್ತೆ. ಸರ್ವಿಸ್ ಅಂತ ಒತ್ತಿದ್ರೆ ಎಲ್ಲಾ ಬಂದುಬಿಡುತ್ತೆ."

"ದುಡ್ಡು ಕಂಪ್ಯೂಟರ್ ಇಸ್ಕೊಳ್ಳಲಿಲ್ಲ, ನೀವು ಇಸ್ಕೊಂಡ್ರಿ."

ಅವನು ನಕ್ಕ. ಸಾರ್ ಬರಲಿ, ನಾವು ನಾವು ಮಾತಾಡಿಕೊಳ್ಳುತ್ತೇವೆ ಎಂದ. ದಿನಕ್ಕೆ ಹದಿನೈದು ಜನರಿಗೆ ಸೂಜಿ ಚುಚ್ಚುವವಳು ಅವಳು. ನರ ಸಿಗದೆ ಎರಡನೇ ಸಲ ಚುಚ್ಚಬೇಕಾದರೆ ಎಷ್ಟೇ ಅವಸರವಿದ್ದರೂ ತಪ್ಪಾಯಿತು ಎಂದು ಹೇಳಿಯೇ ಚುಚ್ಚುತ್ತಿದ್ದಳು.

"ದುಡ್ಡು ಆಮೇಲೆ ಕೊಡಿ. ತಪ್ಪಾಯ್ತು ಅಂತ ಒಂದು ಮಾತು ಹೇಳಿ, ಸಾಕು."

"ಹನ್ನೆರಡು ವರ್ಷದ ಗಾಡಿ ಮೇಡಂ. ನಾಳೆ ದಾರೀಲಿ ನಿಂತ್ರೆ ನಮಗೇ ತಾನೇ ಫೋನ್ ಮಾಡೋದು?" ಎಂದವನು ಬೇರೆ ಗಿರಾಕಿಯ ಕಡೆ ತಿರುಗಿದ. ಕೆಂಪು ಕುರ್ಚಿ ಖಾಲಿಯೇ ಇತ್ತು. ಅವಳಿಗೆ ಕೂರಿ ಎಂದು ಯಾರೂ ಹೇಳಲಿಲ್ಲ.

ಆ ವಾರ ಬೇರೆ ಎರಡು ಗ್ಯಾರೇಜಿಗೂ ಹೋಗಿಬಂದಳು. ಒಬ್ಬ ಕಾರಿನ ಸುತ್ತ ಒಂದು ಸುತ್ತು ಹಾಕಿ, ಆರು ತಿಂಗಳ ಹಿಂದೆ ಹಾಕಿಸಿದ ಟೈರುಗಳನ್ನೂ ಸೇರಿಸಿ ಏಳು ದೋಷ ಹೇಳಿದ. ಇನ್ನೊಬ್ಬ ಇಂಜಿನ್ನಿಗೆ ಕಿವಿಗೊಟ್ಟು, ಡಾಕ್ಟರು ಕೆಟ್ಟ ಸುದ್ದಿ ಹೇಳುವ ಹಾಗೆ ತಲೆಯಾಡಿಸಿದ. ಮನೆಗೆ ಬಂದು ಆಲೂಗಡ್ಡೆ ಸಿಪ್ಪೆ ಸುಲಿಯುತ್ತಾ ಅದನ್ನೆಲ್ಲ ಹೇಳಿಕೊಂಡಾಗ ಸಿಪ್ಪೆಯ ಜೊತೆ ಅರ್ಧ ಆಲೂಗಡ್ಡೆಯೂ ಹೋಗುತ್ತಿತ್ತು. ಅತ್ತೆ ಚಾಕು ಕಿತ್ತುಕೊಂಡರು.

"ನಾವೇ ಮಾಡೋಣಮ್ಮ," ಎಂದಳು ಮಗಳು. ಕಾರಿನ ಜೊತೆ ಬಂದಿದ್ದ ಪುಸ್ತಕವನ್ನು ಅವಳು ಆಗಲೇ ಅರ್ಧ ಓದಿದ್ದಳು. "ಎಣ್ಣೆ ಬದಲಿಸೋದಕ್ಕೆ ಒಂದು ಸ್ಪ್ಯಾನರ್, ಒಂದು ಬೇಸಿನ್. ಅಷ್ಟೇ ಬರೆದಿದಾರೆ."

ಮಾವ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಮಂಚದಡಿಯಿಂದ ಅವರ ಹಳೆಯ ಸಲಕರಣೆಗಳ ತಗಡಿನ ಪೆಟ್ಟಿಗೆ ಆರು ವರ್ಷದ ಮೇಲೆ ಹೊರಬಂತು.

ಮೊದಲ ಭಾನುವಾರ ಏರ್ ಫಿಲ್ಟರು. ಬಿಡಿಭಾಗದ ಅಂಗಡಿಯಲ್ಲಿ ಅದಕ್ಕೆ ಗ್ಯಾರೇಜಿನ ಬಿಲ್ಲಿನಲ್ಲಿದ್ದ ಬೆಲೆಯ ಕಾಲುಭಾಗ. ಹಾಕಲು ತಗುಲಿದ್ದು ಹತ್ತು ನಿಮಿಷ. ಖುಷಿಪಡಬೇಕಾದ ಜಾಗದಲ್ಲಿ ಸೂಜಿಯಕ್ಕನಿಗೆ ಹೊಟ್ಟೆ ಉರಿಯಿತು. ಇಷ್ಟೇ ಕೆಲಸಕ್ಕೆ ಹನ್ನೊಂದು ವರ್ಷ ಕೊಟ್ಟದ್ದೆಷ್ಟು ಎಂದು ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟಳು. ಎರಡನೇ ಭಾನುವಾರ ಬ್ಯಾಟರಿಯ ತುದಿಗಳಿಗೆ ಕಟ್ಟಿದ್ದ ಬಿಳಿ ಪುಡಿಯನ್ನು ಮಾವ ಬಿಸಿನೀರು ಹಾಕಿ ಬ್ರಷ್ಷಿನಿಂದ ಉಜ್ಜಿ ತೆಗೆದರು. ಸಂಜೆ ಅತ್ತೆ ತಮ್ಮ ಬ್ರಷ್ಷು ಎಲ್ಲಿ ಎಂದು ಹುಡುಕಿದಾಗ, ಅದರ ಮೇಲಿನ ತಾರೀಖು ನೋಡಿಯೇ ತಗೊಂಡೆ, ಮೂರು ತಿಂಗಳಾಗಿತ್ತು ಎಂದರು ಮಾವ. ಅತ್ತೆ ಎರಡು ದಿನ ಮಾತು ಬಿಟ್ಟರು.

ಗಂಡ ಇದ್ಯಾವುದಕ್ಕೂ ಕೈ ಹಾಕಲಿಲ್ಲ. ಮೆಟ್ಟಿಲ ಮೇಲೆ ಕೂತು ಫೋನು ನೋಡುತ್ತಿದ್ದ. ಬೀದಿಯಲ್ಲಿ ಪರಿಚಯದವರು ಹೋದರೆ ಎದ್ದು ಒಳಗೆ ಹೋಗುತ್ತಿದ್ದ. ಸೂಜಿಯಕ್ಕ ಟಾರ್ಚಾದರೂ ಹಿಡಿಯಲು ಕರೆದಾಗ ಒಂದೇ ಮಾತು ಹೇಳಿದ:

"ಎಲ್ಲರೂ ಸೇರಿ ಬಿಚ್ತಿರೋದು ಕಾರನ್ನಲ್ಲ, ನನ್ನ ಮರ್ಯಾದೇನ."

ಮೂರನೇ ಭಾನುವಾರ ಎಣ್ಣೆ ಬದಲಿಸುವುದೆಂದಾಯಿತು. ಮುಂದಿನ ಚಕ್ರಗಳನ್ನು ದಪ್ಪ ಹಲಗೆಗಳ ಮೇಲೆ ಏರಿಸಿ, ಹಿಂದಿನವಕ್ಕೆ ಇಟ್ಟಿಗೆ ಕೊಟ್ಟು, ಮಾವ ಗೋಣಿಚೀಲ ಹಾಸಿ ಕಾರಿನಡಿ ಮಲಗಿದರು. ಮಗಳು ಪುಸ್ತಕ ಹಿಡಿದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಅವಳು ಒಂದು ಸಾಲು ಓದುವುದು, ಅವರು ಗೊತ್ತು ಗೊತ್ತು ಎನ್ನುವುದು. ಬೋಲ್ಟು ಎಡಕ್ಕೋ ಬಲಕ್ಕೋ ಎಂದು ಜಗಳ ಬಂದಾಗ ಮಾವ ಅಡಿಯಿಂದಲೇ ಕೇಳಿದರು:

"ಪುಸ್ತಕ ಬರೆದೋನು ಯಾವತ್ತಾದ್ರೂ ಹಿಂಗೆ ಅಂಗಾತ ಮಲಗಿದ್ನಾ ಕೇಳು."

"ತಾತ, ಬಾಯಿ ಮುಚ್ಕೊಳ್ಳಿ, ಎಣ್ಣೆ ಬರ್ತಿದೆ."

ಬಂತು. ಕಪ್ಪಗೆ, ಬೆಚ್ಚಗೆ, ಅತ್ತೆ ಬಟ್ಟೆ ನೆನೆಸುವ ಬೇಸಿನ್ನಿಗೆ. ಅದೇ ಹೊತ್ತಿಗೆ ಅತ್ತೆ ಒಗೆಯುವ ಬಟ್ಟೆ ಹೊತ್ತು ಹೊರಬಂದು ಬೇಸಿನ್ನನ್ನು ನೋಡಿದರು. ಮುಂದಿನ ಹತ್ತು ನಿಮಿಷ ಅಂಗಳದಲ್ಲಿ ಯಾರ ಮಾತು ಯಾರಿಗೂ ಕೇಳಿಸಲಿಲ್ಲ. ಅದರ ನಡುವೆಯೇ ಮಗಳು, ಹಳೆಯ ಫಿಲ್ಟರಿನ ರಬ್ಬರ್ ರಿಂಗು ಇಂಜಿನ್ನಿಗೆ ಅಂಟಿಕೊಂಡಿದೆಯೇ ನೋಡಿ ತೆಗೆಯಬೇಕು ಎಂಬ ಸಾಲನ್ನು ಓದಿ, ಅಜ್ಜಿಯನ್ನು ಸಮಾಧಾನ ಮಾಡಲು ಬೇರೆ ಬಕೆಟ್ಟು ತರಲು ಒಳಗೆ ಹೋದಳು.

ಫಿಲ್ಟರು ಬಿಚ್ಚುವಾಗ ಬಾನೆಟ್ಟಿನ ಮುಂದೆ ಇದ್ದದ್ದು ಮಾವ ಮತ್ತು ಸೊಸೆ ಇಬ್ಬರೇ. ಟಾರ್ಚು ಅವಳ ಕೈಯಲ್ಲಿತ್ತು. ಹಳೆಯ ಫಿಲ್ಟರು ಕೈಗೆ ಬಂತು, ಅದರ ರಿಂಗು ಬರಲಿಲ್ಲ. ಇಂಜಿನ್ನಿನ ಮುಖಕ್ಕೆ ಬಳೆಯ ಹಾಗೆ ಅಂಟಿಕೊಂಡು ಹೊಳೆಯುತ್ತಿತ್ತು. ಹೊಸ ಫಿಲ್ಟರಿಗೆ ಅದರದೇ ರಿಂಗು ಇತ್ತು.

ಮಾವ ಬೆರಳಿನಿಂದ ಹಳೆಯದನ್ನು ಒತ್ತಿ ನೋಡಿದರು. "ಇದೂ ಇರ್ಲಮ್ಮ. ನಲವತ್ತು ವರ್ಷ ನಾನು ಎಲ್ಲೂ ಒಂದೇ ವಾಷರ್ ಹಾಕಿದವನಲ್ಲ. ಎರಡಿದ್ರೆ ಒಂದು ಹನೀನೂ ಹೊರಗೆ ಬರಲ್ಲ."

ಅವಳು ಹೂಂ ಎಂದಳು. ಒಂದಕ್ಕೆ ಎರಡು ಇರುವುದು ಒಳ್ಳೆಯದೇ ಎನಿಸಿತು. ಗ್ಯಾರೇಜಿನವರು ಹಾಕಬೇಕಾದ್ದನ್ನೇ ಹಾಕುವುದಿಲ್ಲ, ಮಾವ ಹೆಚ್ಚಿಗೆ ಹಾಕುತ್ತಿದ್ದಾರೆ. ಪೆನ್ನು ತೆಗೆದು ಹೊಸ ಫಿಲ್ಟರಿನ ಮೇಲೆ ತಾರೀಖು ಬರೆದಳು. ಇಂಜಿನ್ ಶುರುಮಾಡಿ ಐದು ನಿಮಿಷ ಬಿಟ್ಟು ನೋಡಿದರು, ಒಂದು ಹನಿಯೂ ಇಲ್ಲ. ಮಾವ ಎರಡು ಸಲ ಬಗ್ಗಿ ನೋಡಿ, ಆ ದಿನ ಊಟಕ್ಕೆ ಮೂರನೇ ಸಲ ಅನ್ನ ಹಾಕಿಸಿಕೊಂಡರು.

ಸೋಮವಾರ, ಮಂಗಳವಾರ, ಬುಧವಾರ ಕಾರು ಚೆನ್ನಾಗಿ ಓಡಿತು. ಗುರುವಾರ ಬೆಳಿಗ್ಗೆ ಚಳಿ ಜಾಸ್ತಿಯಿತ್ತು. ಹನ್ನೊಂದು ಮನೆ ಮುಗಿಸಿ, ನೀರಿನ ಟ್ಯಾಂಕಿನ ಏರು ಹತ್ತುವಾಗ ಸ್ಟೀರಿಂಗಿನ ಹಿಂದೆ ಎಣ್ಣೆಯ ಕೆಂಪು ದೀಪ ಹತ್ತಿತು. ಆ ದೀಪ ಕಂಡರೆ ಎಲ್ಲಿದ್ದರೆ ಅಲ್ಲೇ ನಿಲ್ಲಿಸಬೇಕು ಎಂದು ಮಗಳು ಪುಸ್ತಕ ಓದುವಾಗ ಹೇಳಿದ್ದು ನೆನಪಿತ್ತು. ಪಕ್ಕಕ್ಕೆಳೆದು ಇಂಜಿನ್ ಆರಿಸಿಬಿಟ್ಟಳು. ಇಳಿದು ನೋಡಿದರೆ ಏರಿನ ಕೆಳಗಿನಿಂದ ಕಾರಿನವರೆಗೆ ಹೊಸ ಎಣ್ಣೆಯ ಗೆರೆ, ಜೇನುತುಪ್ಪದ ಬಣ್ಣ. ನಾಲ್ಕು ಡಬ್ಬಿ ಎಣ್ಣೆಯನ್ನು ಬೀದಿ ಕುಡಿಯುತ್ತಿತ್ತು.

ಗಂಡನಿಗೆ ಫೋನು ಮಾಡಿ, ಉಳಿದ ನಾಲ್ಕು ಮನೆಯವರ ಕ್ಷಮೆ ಕೇಳಿ, ಐಸ್ ಪೆಟ್ಟಿಗೆ ಹೊತ್ತು ಬಸ್ ನಿಲ್ದಾಣಕ್ಕೆ ನಡೆದಳು. ಮೊದಲ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಲ್ಯಾಬಿನ ಕಿಟಕಿ ತಲುಪಿದಾಗ ಹತ್ತೂ ಇಪ್ಪತ್ತು. ಹನ್ನೊಂದು ಜನರ ಟ್ಯೂಬುಗಳಲ್ಲಿ ಮೂವರದು ಕೆಟ್ಟಿತ್ತು. ಅದರಲ್ಲೊಬ್ಬಳು ಎಂಬತ್ತು ದಾಟಿದ ಅಜ್ಜಿ, ನರ ಸಿಗಬೇಕಾದರೆ ಅರ್ಧ ಗಂಟೆ ಕೈ ಉಜ್ಜಬೇಕಾದವಳು. ನಾಳೆ ಅವಳಿಗೆ ಮತ್ತೆ ಚುಚ್ಚಬೇಕು.

ಮ್ಯಾನೇಜರಮ್ಮ ಇವತ್ತೂ ಕೂಗಾಡಲಿಲ್ಲ. ಎಂಟು ಮನೆಯನ್ನು ಬೈಕಿನವನಿಗೆ ಆಗಲೇ ಹೇಳಿಬಿಟ್ಟೆ ಎಂದಳು. ಉಳಿದ ಏಳು ಮನೆಯ ಪೆಟ್ಟಿಗೆ ನಾಳೆ ಒಂಬತ್ತೂವರೆಗೆ ಇಲ್ಲಿದ್ದರೆ ಅವು ನಿಮ್ಮವು, ಇಲ್ಲದಿದ್ದರೆ ಅವನ್ನೂ ಕೇಳಬೇಡಿ ಎಂದು ಸೇರಿಸಿದಳು.

ಕಾರು ಎಲ್ಲಿದೆ ಎಂದು ಫೋನಿನಲ್ಲಿ ಕೇಳಿದರೆ ಗಂಡ ಗ್ಯಾರೇಜಿನಲ್ಲಿ ಎಂದ. ಬೇರೆ ಯಾರನ್ನು ಕರೆಯಬೇಕೆಂದು ಅವನಿಗೆ ಗೊತ್ತಿರಲಿಲ್ಲ.

ಅವಳು ಹೋಗುವಷ್ಟರಲ್ಲಿ ಯಜಮಾನ ಫಿಲ್ಟರು ಬಿಚ್ಚಿ, ಎರಡೂ ರಿಂಗನ್ನು ಒಂದು ಸ್ಕ್ರೂಡ್ರೈವರಿಗೆ ಸಿಕ್ಕಿಸಿ ಬೇರೆ ಇಬ್ಬರು ಗಿರಾಕಿಗಳಿಗೆ ತೋರಿಸುತ್ತಿದ್ದ. ಮೇಲಿನದು ಹಿಂಡಿಹೋಗಿ ಒಂದು ಪಕ್ಕ ನಾಲಿಗೆಯಂತೆ ಹೊರಗೆ ಚಾಚಿತ್ತು. ಒಂದರ ಮೇಲೊಂದು ಕೂರಿಸಿದರೆ ಜಾರದೆ ಇನ್ನೇನಾಗುತ್ತದೆ, ಮನೆಯಲ್ಲೇ ಆಪರೇಷನ್ ಮಾಡಿದರೆ ಹೀಗೇ ಎಂದ. ಗಿರಾಕಿಗಳು ನಕ್ಕರು. ಗಂಡ ಕೆಂಪು ಕುರ್ಚಿಯಲ್ಲಿ ಮಂಡಿಗಳನ್ನು ಜೋಡಿಸಿಕೊಂಡು ಕೂತಿದ್ದ. ಚಹಾ ಕೆನೆಗಟ್ಟಿತ್ತು. ಯಜಮಾನ ಹೇಳುವುದೆಂದರೆ, ಎಣ್ಣೆಯಿಲ್ಲದೆ ಓಡಿದೆ, ಇಂಜಿನ್ ಪೂರ್ತಿ ಬಿಚ್ಚಬೇಕು, ಹತ್ತು ದಿನ. ಅವನು ಹೇಳಿದ ಮೊತ್ತ ಗಂಡನ ನಾಲ್ಕು ತಿಂಗಳ ಸಂಬಳ.

ಗಂಡ ಅವಳ ಮುಖ ನೋಡಿದ. "ದೀಪ ಹತ್ತಿದ ಮೇಲೆ ಎಷ್ಟು ದೂರ ಓಡಿಸಿದೆ?"

"ಒಂದು ಅಂಗಡಿ ದಾಟೋಷ್ಟೂ ಇಲ್ಲ. ಕಂಡ ತಕ್ಷಣ ಆರಿಸಿದೆ."

ಗಂಡ ಯಜಮಾನನ ಕಡೆ ತಿರುಗಿದ. ಅವನ ದನಿ ಗಿರಾಕಿಗೆ ಟೈಲ್ಸ್ ತೋರಿಸುವಾಗಿನ ಹಾಗೆಯೇ ವಿನಯವಾಗಿತ್ತು. "ಅಣ್ಣ, ತಕ್ಷಣ ಆರಿಸಿದ್ರೆ ಎಣ್ಣೆ ತುಂಬಿ ನೋಡಬಹುದಲ್ವಾ? ದೀಪ ಹೋದ್ರೆ ಬಿಚ್ಚೋ ಅಗತ್ಯ ಇಲ್ಲ ಅಂತ ಮಗಳು ಫೋನಲ್ಲಿ ಹೇಳಿದ್ಲು."

"ನೀವು ಟೈಲ್ಸ್ ಮಾರಿ ಸಾರ್. ಇಂಜಿನ್ನು ನಮಗೆ ಬಿಡಿ."

ಗಿರಾಕಿಗಳು ಮತ್ತೆ ನಕ್ಕರು. ಗಂಡ ಕುರ್ಚಿಯಿಂದ ಎದ್ದ. ಬೇಗ ಏಳಲಿಲ್ಲ. ಅಂಗಡಿಯಲ್ಲಿ ದಿನವಿಡೀ ನಿಂತು ನೋಯುವ ಮಂಡಿಗಳ ಮೇಲೆ ಕೈಯೂರಿ ಎದ್ದ. ಸ್ಕ್ರೂಡ್ರೈವರಿನಿಂದ ಎರಡೂ ರಿಂಗನ್ನು ಬಿಡಿಸಿಕೊಂಡು ಜೇಬಿಗೆ ಹಾಕಿ, ಅಂಗಡಿಯ ಸರಕಿನ ವ್ಯಾನಿಗೆ ಫೋನು ಮಾಡಿದ. ವ್ಯಾನು ಬರುವವರೆಗೆ ಮುಕ್ಕಾಲು ಗಂಟೆ ಇಬ್ಬರೂ ಬಿಸಿಲಲ್ಲಿ ಕಾರಿನ ಪಕ್ಕ ನಿಂತರು. ಕುರ್ಚಿ ಅಲ್ಲೇ ನೆರಳಲ್ಲಿತ್ತು. ಫಿಲ್ಟರಿನ ದುಡ್ಡು ವಾಪಸು ಬರಲಿಲ್ಲ, ಅವಳು ಕೇಳಿದ ಆ ಒಂದು ಮಾತೂ ಬರಲಿಲ್ಲ.

ಹಗ್ಗ ಕಟ್ಟಿ ಎಳೆದುಕೊಂಡು ಬಂದ ಕಾರು ಅಂಗಳಕ್ಕೆ ಬಂದಾಗ ಮೂರು ಗಂಟೆ. ಸುದ್ದಿ ಮನೆಗೆ ಮೊದಲೇ ಬಂದಿತ್ತು. ಮಾವ ಹಿತ್ತಿಲಲ್ಲಿ ತಗಡಿನ ಪೆಟ್ಟಿಗೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಊಟ ಮಾಡಿರಲಿಲ್ಲ. ಅತ್ತೆ ಎರಡು ಸಲ ಕರೆದು ಬಂದು, ಮೂರನೇ ಸಲ ತಟ್ಟೆಯನ್ನೇ ಮುಚ್ಚಿಟ್ಟಿದ್ದರು. ಮಗಳು ಕಾಲೇಜಿನಿಂದ ಬಂದವಳು ಚೀಲವನ್ನೂ ಇಳಿಸದೆ ಹಿತ್ತಿಲ ಬಾಗಿಲಲ್ಲಿ ನಿಂತು, ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿತ್ತು, ನಾನು ಗಟ್ಟಿಯಾಗೇ ಓದಿದ್ದೆ, ಯಾರೂ ಕೇಳಿಸಿಕೊಳ್ಳಲಿಲ್ಲ ಎಂದು ಶುರುಮಾಡಿದಳು. ಗಂಡನೂ ಜೇಬಿನಿಂದ ರಿಂಗುಗಳನ್ನು ತೆಗೆದ.

"ಅಪ್ಪಾ, ಇದು ನಲ್ಲಿ ಅಲ್ಲ. ಗೊತ್ತಿಲ್ಲ ಅಂದ್ಮೇಲೆ ಕೈ ಹಾಕಬಾರದಿತ್ತು. ಇವತ್ತು ಇವಳ ಎಂಟು ಮನೆ ಹೋಯ್ತು."

ಮಾವ ತಿರುಗಲಿಲ್ಲ. ಬೆನ್ನು ಮಾತ್ರ ಇನ್ನಷ್ಟು ಚಿಕ್ಕದಾಯಿತು.

ಸೂಜಿಯಕ್ಕ ಐಸ್ ಪೆಟ್ಟಿಗೆ ಕೆಳಗಿಟ್ಟಳು. ಸುಮ್ಮನಿದ್ದರೂ ನಡೆಯುತ್ತಿತ್ತು. ಆ ಹೊತ್ತು ಬಾನೆಟ್ಟಿನ ಮುಂದೆ ಇನ್ನಾರೂ ಇರಲಿಲ್ಲ, ಮಾವ ಹೇಳುವವರೂ ಅಲ್ಲ. ತಪ್ಪು ಕಂಪ್ಯೂಟರಿನದು ಎಂದು ಕೆಂಪು ಕುರ್ಚಿಯ ಪಕ್ಕ ನಿಂತು ನಕ್ಕವನ ಮುಖ ಕಣ್ಣೆದುರು ಬಂತು.

"ನಾನೂ ನೋಡಿದ್ದೆ," ಎಂದಳು. "ಟಾರ್ಚು ನನ್ನ ಕೈಲಿತ್ತು. ಹಳೇ ರಿಂಗು ಅಲ್ಲೇ ಇದೆ ಅಂತ ಮಾವ ತೋರಿಸಿದ್ರು. ನಾನು ಹೂಂ ಅಂದೆ. ತಪ್ಪಾಯ್ತು."

ಮಗಳು ನಿಧಾನಕ್ಕೆ ಚೀಲ ಇಳಿಸಿದಳು. ಗಂಡ ಅಂಗೈಯಲ್ಲಿದ್ದ ರಿಂಗುಗಳನ್ನು ನೋಡಿದ. ಹನ್ನೊಂದು ವರ್ಷದ ಬಿಲ್ಲುಗಳೂ ಆಗ ಅವನ ಅಂಗೈಯಲ್ಲಿ ಕಂಡವೋ ಏನೋ, ನಾನೂ ಒಂದೂ ಓದಲಿಲ್ಲ ಎಂದು ಬಾಯೊಳಗೇ ಗೊಣಗಿದ. ಮಾವ ಗೋಡೆಗೇ ಹೇಳುವ ಹಾಗೆ ಹೇಳಿದರು:

"ನಲ್ಲಿಗಾದ್ರೆ ಎರಡು ಬೇಕು. ಇದಕ್ಕೆ ಒಂದೇ ಅಂತ ನಂಗೆ ಗೊತ್ತಿರಲಿಲ್ಲಮ್ಮ. ಗೊತ್ತಿಲ್ಲ ಅಂತ ಹೇಳೋಕೆ ನಾಚಿಕೆ ಆಯ್ತು. ತಪ್ಪು ನಂದು."

ಅತ್ತೆ ಮುಚ್ಚಿಟ್ಟ ತಟ್ಟೆಯನ್ನು ತಂದು ಅವರ ಮಡಿಲಲ್ಲಿಟ್ಟರು. "ತಪ್ಪು ಒಪ್ಕೊಂಡಾಯ್ತಲ್ಲ, ಈಗ ಉಣ್ಣಿ. ಆಮೇಲೆ ಅದನ್ನ ಸರಿಮಾಡಿ. ಬೇಸಿನ್ನು ಹೆಂಗೂ ಹಾಳಾಗಿದೆ, ಅದನ್ನೇ ಇಟ್ಕೊಳ್ಳಿ."

ಗಂಡ ತಾನೇ ಹೋಗಿ ಫಿಲ್ಟರು, ಎಣ್ಣೆ ತಂದ. ಅಂಗಡಿಯವನು ಕೊಟ್ಟ ರಸೀದಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿಯೇ ದುಡ್ಡು ಕೊಟ್ಟೆ ಎಂದು ಹೇಳಿದ. ಯಾರೂ ಹೊಗಳಲಿಲ್ಲ. ಈ ಸಲ ಮಗಳು ಓದುವಾಗ ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರು. ಮಾವ ಸ್ಪ್ಯಾನರನ್ನು ಮೊಮ್ಮಗಳ ಕೈಗೆ ಕೊಟ್ಟು, ತಾವು ಇಂಜಿನ್ನಿನ ಮುಖವನ್ನು ಬಟ್ಟೆಯಿಂದ ಒರೆಸಿದರು, ಬೆರಳಾಡಿಸಿ ನೋಡಿದರು, ಮತ್ತೆ ಒರೆಸಿದರು. ಟಾರ್ಚು ಗಂಡ ಹಿಡಿದಿದ್ದ. ಹಿಡಿಯಲು ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ, ಬೆಳಕು ಆಗಾಗ ಮಗಳ ಕಣ್ಣಿಗೇ ಬೀಳುತ್ತಿತ್ತು.

ಎಣ್ಣೆ ತುಂಬಿದ ಮೇಲೆ ಸೂಜಿಯಕ್ಕ ಕೀಲಿ ತಿರುಗಿಸಿದಳು. ಕೆಂಪು ದೀಪ ಹತ್ತಿತು. ಅತ್ತೆಯೂ ಕಿಟಕಿಯಲ್ಲಿ ನಿಂತಿದ್ದರು. ಒಂದು, ಎರಡು, ಮೂರು ಎಂದು ಮಗಳು ಎಣಿಸಿದಳು. ನಾಲ್ಕಕ್ಕೆ ದೀಪ ಆರಿತು. ಇಂಜಿನ್ನಿನಲ್ಲಿ ಒಂದು ಸಣ್ಣ ಟಿಕ್ ಟಿಕ್ ಸದ್ದು ಕೇಳುತ್ತಿತ್ತು. ಅದು ಮೊದಲಿನಿಂದಲೂ ಇತ್ತೋ, ಈ ದಿನದ್ದೋ ಯಾರಿಗೂ ಖಾತ್ರಿಯಿರಲಿಲ್ಲ. ಇಷ್ಟಾದರೂ ಎಂಟು ಮನೆ ಹೋದದ್ದು ಹೋದದ್ದೇ. ಮಗಳ ಮುಂದಿನ ಫೀಸಿಗೆ ಏನು ಮಾಡುವುದೆಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ, ಎಲ್ಲರೂ ಆ ಸದ್ದನ್ನೇ ಕೇಳುತ್ತಾ ನಿಂತರು. ಅರ್ಧ ಗಂಟೆ ಓಡಿಸಿಟ್ಟು, ಕಾರಿನಡಿಗೆ ಹಾಸಿದ್ದ ಪತ್ರಿಕೆಯನ್ನು ಎಳೆದು ನೋಡಿದರೆ ಒಂದು ಹನಿಯೂ ಇರಲಿಲ್ಲ.

ಸೂಜಿಯಕ್ಕ ಅಭ್ಯಾಸದಂತೆ ಪೆನ್ನು ತೆಗೆದಳು. ಮಾವ ಕೈ ಚಾಚಿದರು.

"ಇಲ್ಲಿ ಕೊಡಮ್ಮ, ನಾನು ಬರೀತೀನಿ."

ಬಾನೆಟ್ಟಿನೊಳಗೆ ಬಗ್ಗಿ, ಬಿಸಿ ತಾಗದಂತೆ ಮೊಣಕೈ ಎತ್ತಿಕೊಂಡು, ಮೊದಲು ಒಂದೇ ರಿಂಗು ಎಂದು ಬರೆದರು. ನಲವತ್ತು ವರ್ಷ ಸ್ಪ್ಯಾನರು ಹಿಡಿದ ಕೈ, ಅಕ್ಷರಗಳು ಒಂದೊಂದೂ ಒಂದೊಂದು ಕಡೆ ವಾಲಿದ್ದವು. ಅದರ ಕೆಳಗೆ ತಾರೀಖು ಬರೆದರು. ಪೆನ್ನಿನ ಮುಚ್ಚಳ ಹಾಕಲು ಹೋದವರು ತಡೆದು, ಸೊಸೆಯ ಮುಖ ನೋಡಿ, ಮತ್ತೆ ಬಗ್ಗಿ, ಏಳರ ಹೊಟ್ಟೆಗೆ ಒಂದು ಅಡ್ಡಗೆರೆ ಎಳೆದರು.